ರಾಣಿಯ ಸೀರೆ ಮತ್ತು ಉಳಿದ ಏಳು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರಾದ ನರೇಂದ್ರ ಅವರೇ, ಸನ್ಮಾನ ಸ್ವೀಕರಿಸಲು ಗದ್ವಾಲದಿಂದ ಬಂದಿರುವ ಹಿರಿಯ ಕಾದಂಬರಿಕಾರರಾದ ಭಾನುಪ್ರಕಾಶ ಅವರೇ, ಅವರಿಗೆ ಹೊದಿಸಿದ ಶಾಲು ಯಾವ ಊರಿನ ಮಗ್ಗದ್ದೆಂದು ಆಗಲೇ ಪಿಸುಗುಡುತ್ತಿರುವ ನಾರಾಯಣಪೇಟೆಯ ಸಭಿಕರೇ,

ನಾನು ಮಕ್ತಲದ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಹುಟ್ಟಿದ್ದು ಇದೇ ಊರಿನ ಮಗ್ಗದ ಮನೆಯಲ್ಲಿ. ಪ್ರಾಸ ಕಂಡರೆ ಆಸೆ, ಮೈಕು ಕಂಡರೆ ದುರಾಸೆ. ಅಧ್ಯಕ್ಷರಿಗೆ ಇದು ಗೊತ್ತಿರುವುದರಿಂದ ‘ಹತ್ತೇ ನಿಮಿಷ’ ಎಂದು ಎರಡು ಸಲ ಹೇಳಿದ್ದಾರೆ.

ಭಾನುಪ್ರಕಾಶರ ‘ಕಿರಿರಾಣಿಯ ಕೋಟೆ’ ಇಪ್ಪತ್ತೈದು ವರ್ಷಗಳ ಮೇಲೆ ಎರಡನೆಯ ಮುದ್ರಣ ಕಾಣುತ್ತಿದೆ. ಆ ಕಾದಂಬರಿಯಲ್ಲಿ ಏನಿಲ್ಲ? ದರ್ಬಾರಿದೆ, ದರ್ಪವಿದೆ, ಅತ್ತರಿದೆ, ಕತ್ತಿಯಿದೆ, ಕತ್ತಿಗಿಂತ ಹರಿತವಾದ ಸವತಿಯರ ಮಾತಿದೆ. ಕಿರಿರಾಣಿ ಪರದೆಯ ಹಿಂದೆ ಕೂರುತ್ತಿದ್ದಳೋ ಮುಂದೆ ಕೂರುತ್ತಿದ್ದಳೋ ಎಂದು ಜಗಳವಾಡಿದವರುಂಟು. ಅಂಥವಳೊಬ್ಬಳು ಇದ್ದಳೇ ಎಂದು ಕೇಳಿದವರೂ ಉಂಟು. ನಮ್ಮ ಮನೆಯಲ್ಲಿ ಮಾತ್ರ ಆ ಸಂಶಯ ಇರಲಿಲ್ಲ. ಇದ್ದಳು. ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಬರುತ್ತಿದ್ದಳು.

ನಾನು ಓದುತ್ತಿದ್ದೆ. ನನ್ನ ತಾಯಿ ತಿರುಪತಮ್ಮ ನೇಯುತ್ತಲೇ ಕೇಳುತ್ತಿದ್ದರು. ಪಕ್ಕದ ಮನೆಯ ನವನೀತಾ ಎಂಬವರು ಕಂಡಿಕೆಗೆ ನೂಲು ಸುತ್ತುತ್ತ ಕೇಳುತ್ತಿದ್ದರು. ಅವರಿಬ್ಬರಿಗೂ ಬೇಕಾದದ್ದು ಹದಿನೇಳನೆಯ ಅಧ್ಯಾಯ. ಅದರಲ್ಲಿ ಕಿರಿರಾಣಿ ಜಗತ್ತಿನಲ್ಲಿ ಎರಡನೆಯದಿಲ್ಲದ ಸೀರೆ ಬೇಕೆನ್ನುತ್ತಾಳೆ. ನಾರಾಯಣಪೇಟೆಯ ನೇಕಾರ ಹೆಂಗಸೊಬ್ಬಳು ಒಂದು ಸೀರೆ ತಂದು, ‘ಇಂಥದು ಇನ್ನೊಂದಿಲ್ಲ’ ಎಂದು ಕೈಮುಗಿಯುತ್ತಾಳೆ. ರಾಣಿ ಅದನ್ನುಟ್ಟು ದರ್ಬಾರಿಗೆ ಬಂದಾಗ ಹಿರಿಯ ರಾಣಿ ಪೂರ್ತಿ ಎರಡು ಪುಟ ಬಾಯಿ ಬಿಡುವುದಿಲ್ಲ. ನಮ್ಮ ಓಣಿಯಲ್ಲಿ ಇದಕ್ಕಿಂತ ದೊಡ್ಡ ಪವಾಡ ಯಾರಿಗೆ ಬೇಕಿತ್ತು?

ಅಷ್ಟರಲ್ಲಿ ನಾನು ರಾಯಚೂರಿನಲ್ಲಿ ಬಿ.ಎ. ಮುಗಿಸಿದೆ. ವಿಷಯ ಇತಿಹಾಸ. ಪದವಿಯ ಜೊತೆಗೆ ಪೊಗರೂ ಬಂತು. ಒಂದು ದಿನ ಓದುತ್ತಿದ್ದಾಗ ಹೊಳೆಯಿತು: ನಮ್ಮಲ್ಲಿ ಮಗ್ಗಕ್ಕೆ ಒಮ್ಮೆ ಹಾಸುನೂಲು ಏರಿಸಿದರೆ ಇಳಿಯುವುದು ಒಂದೇ ಥರದ ಎಂಟು ಸೀರೆ. ಹಾಗಿದ್ದ ಮೇಲೆ ‘ಇನ್ನೊಂದಿಲ್ಲ’ ಎಂಬುದು ಹೇಗೆ ನಿಜವಾದೀತು? ಅಧ್ಯಾಯದ ಆರೂ ಹಾಳೆ ಹರಿದೆ. ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆ. ನಾಲ್ಕು ಪುಟದ ಆಕ್ಷೇಪಣೆ ಬರೆದು, ಕೆಳಗೆ ‘ಸತ್ಯಪಕ್ಷಪಾತಿ’ ಎಂದು ಸಹಿ ಮಾಡಿ, ಹರಿದ ಹಾಳೆಗಳ ಸಮೇತ ಗದ್ವಾಲಕ್ಕೆ ಅಂಚೆಗೆ ಹಾಕಿ ಬಂದೆ.

ಬಂದವನು ಮಗ್ಗದ ಮನೆಯಲ್ಲಿ ನನ್ನ ಸಂಶೋಧನೆಯನ್ನು ಮಂಡಿಸಿದೆ. ಮುಖ ಅಮ್ಮನ ಕಡೆಗಿತ್ತು, ಕಣ್ಣು ಕಂಡಿಕೆಯ ಕಡೆಗಿತ್ತು. ಅಮ್ಮ ಲಾಳಿ ನಿಲ್ಲಿಸಿ ನಕ್ಕರು.

“ಅಲ್ಲಲೇ ಶಾಣ್ಯಾ, ಆಕಿ ಸುಳ್ಳು ಹೇಳ್ಯಾಳ! ‘ಇಂಥಾವು ಮನ್ಯಾಗ ಇನ್ನೂ ಏಳು ಅದಾವ್ರೀ’ ಅಂತ ರಾಣಿ ಮುಂದ ಯಾರರ ಅಂತಾರೇನು? ನಾನಾಗಿದ್ರೂ ಹಂಗ ಹೇಳ್ತಿದ್ದೆ.”

“ಹಂಗಾರ ಆ ಏಳು ಎಲ್ಲಿ ಹೋದ್ವು?” ಎಂದೆ.

“ಒಂದು ನಾ ಉಟ್ಟೀನಿ. ಒಂದು ಕಿಷ್ಟಮ್ಮ, ಒಂದು ಮೈಸಮ್ಮ...” ಎಂದು ಅಮ್ಮ ಓಣಿಯುದ್ದಕ್ಕೂ ಹಂಚುತ್ತ ಹೋಗಿ, “ಕಡೀದು ನಮ್ಮ ನವನೀತಾಗ, ಲಗ್ನಕ್ಕ” ಎಂದರು. ಯಾರ ಜೊತೆ ಲಗ್ನ ಎಂದು ಅಮ್ಮ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನವನೀತಾ ತಲೆ ಎತ್ತದೆ, “ಅದನ್ನ ಇನ್ನೊಮ್ಮಿ ಓದು. ಈಗ ಬ್ಯಾರೆ ಥರ ಕೇಳ್ತೈತಿ” ಎಂದರು.

ಹಾಳೆ ಎಲ್ಲಿದ್ದವು? ಸಂಗತಿ ತಿಳಿದಾಗ ನವನೀತಾ ಎಂದದ್ದು ಇಷ್ಟೇ: “ರಾಣಿನ್ನ ಒಯ್ದು ಪೋಸ್ಟಿಗೆ ಹಾಕಿ ಬಂದೀಯಲ್ಲೋ!”

ಮರುವರ್ಷ ಅವರು ಮದುವೆಯಾಗಿ ಗದ್ವಾಲದಾಚೆಯ ಐಜಕ್ಕೆ ಹೋದರು. ಚೆನ್ನಾಗಿದ್ದಾರೆ ಎಂದು ಕೇಳಿದ್ದೇನೆ. ಕೇಳಿದ್ದೇನೆ, ಅಷ್ಟೇ, ಕೇಳಲು ಹೋಗಿಲ್ಲ. ಇದು ವಿಷಯಾಂತರ, ಕ್ಷಮಿಸಬೇಕು.

ಈಗ ವಿಷಯ. ಭಾನುಪ್ರಕಾಶರು ಹೊಸ ಮುದ್ರಣಕ್ಕೆ ಬರೆದ ಮುನ್ನುಡಿಯನ್ನು, ಭಾಷಣಕ್ಕೆ ನೆರವಾಗಲೆಂದು ನನಗೆ ಕಳುಹಿಸಿದ್ದರು. ಅದರಲ್ಲಿ ಹೀಗಿದೆ: ‘ನಾರಾಯಣಪೇಟೆಯ ವಿದ್ವಾಂಸರೊಬ್ಬರ ಆಕ್ಷೇಪಣೆಯನ್ನು ಗೌರವಿಸಿ ಹದಿನೇಳನೆಯ ಅಧ್ಯಾಯವನ್ನು ಕೈಬಿಟ್ಟಿದ್ದೇನೆ. ಅವರು ಕಳುಹಿಸಿದ ಹಾಳೆಗಳನ್ನು ಇಂದಿಗೂ ಜೋಪಾನವಾಗಿಟ್ಟಿದ್ದೇನೆ.’ ಚಪ್ಪಾಳೆ ಬೇಡ, ದಯವಿಟ್ಟು. ಆ ವಿದ್ವಾಂಸನನ್ನು ನೀವು ನೋಡುತ್ತಿದ್ದೀರಿ.

ಅಮ್ಮನಿಗೆ ಈಗ ಕಣ್ಣು ಮಂಜು. ಮಗ್ಗ ಬಿಟ್ಟು ಆರು ವರ್ಷವಾಯಿತು. ರಜೆಯ ಮಧ್ಯಾಹ್ನಗಳಲ್ಲಿ ಅದೇ ಅಧ್ಯಾಯ ಕೇಳುತ್ತಾರೆ. ಹಳೆಯ ಮುದ್ರಣವನ್ನು ಎಲ್ಲೆಲ್ಲೋ ಹುಡುಕಿದೆ, ಸಿಗಲಿಲ್ಲ. ನೆನಪಿನಿಂದ ಹೇಳಲು ಹೋದರೆ ನಡುವೆಯೇ ತಡೆಯುತ್ತಾರೆ: “ಮೊದಲು ಅತ್ತರು ಬರ್ತೈತಿ, ಆಮ್ಯಾಲ ಛತ್ರಿ. ನೀ ಇತಿಹಾಸ ಓದಿದಾವ ಹೌದೇನು?”

ಹೊಸ ಮುದ್ರಣ ಬಂದೇ ಬರುತ್ತದೆ ಎಂದು ಇಷ್ಟು ದಿನ ಸಮಾಧಾನ ಹೇಳಿದ್ದೆ. ಮುನ್ನುಡಿಯ ಸಂಗತಿ ತಿಳಿಸಿದಾಗ ಹೇಳಿದರು: “ಅದು ತಗದ್ರ ಆ ಏಳೂ ಹೋದ್ವಲ್ಲೋ.”

ಕಿಷ್ಟಮ್ಮ ಇಲ್ಲ, ಮೈಸಮ್ಮ ಇಲ್ಲ. ಆ ಸೀರೆಗಳನ್ನುಟ್ಟು ಅವರೆಲ್ಲ ಇನ್ನೆಲ್ಲಿ ತಿರುಗಾಡಬೇಕು?

ಭಾನುಪ್ರಕಾಶ ಸರ್, ನಿಮ್ಮ ಕಾದಂಬರಿಯಲ್ಲಿ ತಪ್ಪಿಲ್ಲ. ತಪ್ಪು ಎಣಿಸಿದವನಲ್ಲಿದೆ. ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದಂತೆ. ಸತ್ಯಪಕ್ಷಪಾತಿಯ ಆಕ್ಷೇಪಣೆಯನ್ನು ಈ ಸಭೆಯ ಸಾಕ್ಷಿಯಾಗಿ ಹಿಂತೆಗೆದುಕೊಳ್ಳುತ್ತಿದ್ದೇನೆ, ಅಧ್ಯಾಯ ಉಳಿಸಿಕೊಡಿ. ಪುಸ್ತಕ ಬರುವವರೆಗೆ ಆ ಆರು ಹಾಳೆಗಳನ್ನಾದರೂ ನನ್ನ ಕೈಗೆ ಕೊಡಿ.

ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ ನಿಮಗೆಲ್ಲ ನಾನು ಋಣಿ. ಹಾಳೆ ಸಿಕ್ಕರೆ ನಾಳೆ ಮಧ್ಯಾಹ್ನವೇ ಓದುತ್ತೇನೆ, ಬೀದಿ ಬಾಗಿಲು ತೆರೆದಿಟ್ಟು, ಗಟ್ಟಿಯಾಗಿ. ಐಜದವರೆಗೆ ಕೇಳಿಸುವುದಿಲ್ಲ, ಅದು ನನಗೂ ಗೊತ್ತು. ಆದರೂ ಗಟ್ಟಿಯಾಗಿಯೇ ಓದುತ್ತೇನೆ.

ಎಲ್ಲರಿಗೂ ನಮಸ್ಕಾರ.