ಹೂಂ ಎಂದರೆ ಹೌದಲ್ಲ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ನೀಲಗಂಗಮ್ಮನವರೇ, ವೇದಿಕೆಯ ಮೇಲಿರುವ ಹಿರಿಯರೇ, ಪಿಎಚ್.ಡಿ. ಪದವಿ ಪಡೆದು ಇಂದು ಸನ್ಮಾನಗೊಂಡಿರುವ ಡಾ. ಅಫ್ಶೀನ್ ಅವರೇ, ಶಹಾಬಜಾರದಿಂದ ಬಂದಿರುವ ಅವರ ಮನೆಯವರೇ, ಫ್ಯಾನಿನ ಕೆಳಗಿನ ಕುರ್ಚಿಗಳನ್ನು ಬೆಳಗ್ಗೆಯೇ ಹಿಡಿದಿಟ್ಟ ವಿದ್ಯಾರ್ಥಿಗಳೇ, ಸಭಿಕರೇ,

ಮಾರ್ಗದರ್ಶಕನಾಗಿ ಎರಡು ಮಾತು ಹೇಳಿ ಎಂದಿದ್ದಾರೆ. ಮೂವತ್ತು ವರ್ಷ ಕನ್ನಡ ಕಲಿಸಿದವನು ಎರಡೇ ಮಾತಿಗೆ ನಿಲ್ಲಿಸಿದ್ದನ್ನು ಈ ಕಲಬುರಗಿಯಲ್ಲಿ ಯಾರಾದರೂ ಕಂಡಿದ್ದೀರಾ?

ಅಫ್ಶೀನ್ ಅವರ ಸಂಶೋಧನೆ ಆಡುಮಾತು ಮತ್ತು ಬರಹವನ್ನು ಪರಿಶೀಲಿಸುವ ವಿಧಾನಗಳ ಹೋಲಿಕೆ. ಒಂದು ವಿಧಾನ ಕಾಗದದ ಮೇಲಿನ ಪದ, ವಾಕ್ಯಗಳನ್ನು ನೋಡುತ್ತದೆ. ನಾನು ಆ ಪಂಥದವನು. ಇನ್ನೊಂದು, ಯಾರು ಯಾರಿಗೆ ಹೇಳಿದರು, ಎಲ್ಲಿ ತಡೆದರು, ಆ ಕೋಣೆಯಲ್ಲಿ ಕುರ್ಚಿ ಯಾರಿಗಿತ್ತು, ನಿಂತವರು ಯಾರು ಎಂದು ಕೇಳುತ್ತದೆ. ‘ಅದೂ ಒಂದು ಭಾಷಾಶಾಸ್ತ್ರವೇ?’ ಎಂದು ನಾನು ನಗುತ್ತಿದ್ದೆ.

ಏಳು ವರ್ಷದ ಹಿಂದೆ ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಸೂಗಪ್ಪ ಎಂಬ ಕಾರ್ಮಿಕ ಯಂತ್ರಕ್ಕೆ ಸಿಕ್ಕಿ ಸತ್ತ. ಕಮಲಾಪುರದವನು. ವಿಚಾರಣೆಗೆ ಅವನ ಹೆಂಡತಿ ಹಣಮಮ್ಮನನ್ನು ಕರೆಸಿದ್ದರು. ಹೇಳಿಕೆಯನ್ನು ಶುದ್ಧ ಕನ್ನಡದಲ್ಲಿ ಬರೆದುಕೊಡಲು ಒಬ್ಬ ಕನ್ನಡ ಮೇಷ್ಟ್ರು ಬೇಕಾಗಿತ್ತು. ಆ ಮೇಷ್ಟ್ರು ನಾನು.

ವಿಚಾರಣೆಯ ಸಾಹೇಬರು ಹೇಳುತ್ತಾ ಹೋದರು: “ಮದ್ಯಪಾನ ಮಾಡಿ ಯಂತ್ರದ ಬಳಿ ಬರಬಾರದೆಂಬ ಸೂಚನೆ ಇತ್ತು.”

“ಹೂಂ ರೀ.”

“ಅಂದು ನಿಮ್ಮ ಯಜಮಾನರು ಮದ್ಯಪಾನ ಮಾಡಿದ್ದರೆಂದು ವರದಿಯಾಗಿದೆ.”

“ಹೂಂ ರೀ.”

ನಾನು ಬರೆದೆ: ‘ನನ್ನ ಗಂಡನು ಅಂದು ಮದ್ಯಪಾನ ಮಾಡಿದ್ದನೆಂಬುದನ್ನು ಒಪ್ಪುತ್ತೇನೆ.’ ಒಂದು ಕಾಗುಣಿತ ತಪ್ಪಿಲ್ಲ. ಆಕೆ ಹೆಬ್ಬೆಟ್ಟು ಒತ್ತಿದಳು. ನಾನು ಚಹಾ ಕುಡಿದು ಮನೆಗೆ ಬಂದೆ.

ಎರಡು ವರ್ಷದ ಹಿಂದೆ ಅಫ್ಶೀನ್ ನನ್ನ ಕೋಣೆಗೆ ಒಂದು ಅಧ್ಯಾಯ ತಂದರು. ಮಾತು ಸಂಗ್ರಹಿಸಲು ಕಮಲಾಪುರಕ್ಕೆ ಹೋದಾಗ ಹಣಮಮ್ಮ ಆ ಹೇಳಿಕೆಯ ಜೆರಾಕ್ಸ್ ಪ್ರತಿ ಕೊಟ್ಟಿದ್ದಳಂತೆ. ಸೂಗಪ್ಪನ ಜೊತೆ ಕೆಲಸ ಮಾಡುತ್ತಿದ್ದ ನೋಮಾನ್ ಅಂದು ಆಕೆಯ ಪಕ್ಕ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ದಾಖಲಿಸಿಕೊಂಡಿದ್ದನಂತೆ. ಮಿಲ್ಲಿನ ಕೆಲಸ ಹೋದೀತೆಂದು ಯಾರಿಗೂ ಕೇಳಿಸದೆ, ಸಂಶೋಧನೆಗೆ ಮಾತ್ರ ಎಂದು ಅಫ್ಶೀನ್‌ಗೆ ಕೊಟ್ಟಿದ್ದನಂತೆ. ಅಫ್ಶೀನ್ ಎರಡನ್ನೂ ಮೇಜಿನ ಮೇಲಿಟ್ಟು, ಆ ಧ್ವನಿ ಹಾಕಿದರು.

“ಸರ್, ನಮ್ಮ ಮನ್ಯಾಗ ದಾದಿ, ನಮ್ಮಪ್ಪನ ತಾಯಿ, ಎಲ್ಲಾದಕ್ಕೂ ‘ಹೌ, ಹೌ’ ಅಂತಾರ. ಒಪ್ಪಿದ್ರು ಅಂತಲ್ಲ, ಕೇಳಾಕತ್ತಾರ ಅಂತ. ಇದೂ ಹಂಗೇ ಅದ. ಮುಂದ ಕೇಳ್ರಿ ಸರ್.”

ಎರಡನೇ ಹೂಂ ಆದಮೇಲೆ ಹನ್ನೊಂದು ಸೆಕೆಂಡು ಮೌನ. ಆಮೇಲೆ ಸಣ್ಣ ದನಿ: “ಕುಡದವ್ರು ಯಾರ್ರೀ? ನಮ್ಮವ್ರು ಮುಟ್ಟತಿದ್ದಿಲ್ರಿ.”

ಆ ಮಾತು ನನ್ನ ಕಾಗದದಲ್ಲಿ ಇರಲಿಲ್ಲ. ನನಗೆ ಆಗ ಕೇಳಿಸಲಿಲ್ಲವೇ? ಕೇಳಿಸಿತ್ತು ಸಭಿಕರೇ. ವಾಕ್ಯ ಆಗಲೇ ಮುಗಿದಿತ್ತು. ಹೊಡೆದು ಬರೆದರೆ ಹಾಳೆ ಗಲೀಜಾಗುತ್ತಿತ್ತು.

“ಈ ಕಾಗದದಿಂದ ಆಕಿ ಅತ್ತಿ ಮಾತು ಬಿಟ್ಟಾಳ ಸರ್,” ಎಂದರು ಅಫ್ಶೀನ್. “‘ಸತ್ತ ನನ್ನ ಮಗನಿಗಿ ಕುಡುಕ ಅಂತ ಬರಸಿ ಬಂದಿ’ ಅಂತಾಳ ಅತ್ತಿ. ‘ನಾ ಹಂಗ ಅಂದಿಲ್ಲ’ ಅಂತ ಹಣಮಮ್ಮ ಅಂದ್ರ ಯಾರೂ ನಂಬಂಗಿಲ್ಲ, ಹೆಬ್ಬೆಟ್ಟ ಅದಲ್ಲ.”

ಅಕ್ಷರ ನನ್ನದೆಂದು ಅಫ್ಶೀನ್‌ಗೆ ಗೊತ್ತಿರಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿದೆ. “ಒಂದೇ ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲಮ್ಮ, ಈ ಅಧ್ಯಾಯ ತೆಗೆದುಬಿಡಿ” ಎಂದೆ.

“ಯಾಕ್ ಸರ್?”

“ದುರ್ಬಲವಾಗಿದೆ.”

ಮೂರು ಸಲ ಬಂದು ಕೇಳಿದರು. ಮೂರು ಸಲವೂ ಅದೇ ಹೇಳಿದೆ. ಕೊನೆಗೆ ತೆಗೆದರು. ನೀವೀಗ ಚಪ್ಪಾಳೆ ತಟ್ಟಿದ ಪ್ರಬಂಧದಲ್ಲಿ ಆ ಅಧ್ಯಾಯ ಇಲ್ಲ.

ಹೋದ ತಿಂಗಳು ನಿದ್ದೆಯೇ ಹತ್ತದಾದಾಗ ನೋಮಾನ್‌ನಿಂದ ಆ ಧ್ವನಿ ತರಿಸಿಕೊಂಡು ಕಮಲಾಪುರಕ್ಕೆ ಹೋದೆ. ಹಣಮಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿ, ಕೆಂಪು ಬಾಳೆಹಣ್ಣು ತಂದಿಟ್ಟಳು. “ನಾನೇ ಬರೆದವನು” ಎಂದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಇಂದು ಇಲ್ಲಿ ನಿಲ್ಲುವುದು ಸುಲಭವಾಗುತ್ತಿತ್ತು. ಮೊಬೈಲನ್ನು ಕಿವಿಗೆ ಹಿಡಿದು ತನ್ನದೇ ದನಿಯನ್ನು ಎರಡು ಸಲ ಕೇಳಿದಳು.

“ನಾ ಅಂದೀನಿ ನೋಡ್ರಿ. ಮುಟ್ಟತಿದ್ದಿಲ್ಲ ಅಂತ ಅಂದೀನಿ.” ಒಳಗಿನ ಗೋಡೆ ಕಡೆ ನೋಡಿದಳು. ಅಲ್ಲಿ ಅತ್ತೆಯ ಫೋಟೋಕ್ಕೆ ಹಾಕಿದ್ದ ಹೂವಿನ ಹಾರ ಒಣಗಿದ್ದರೂ ಇನ್ನೂ ತೆಗೆದಿರಲಿಲ್ಲ. “ಹದಿನೈದು ದಿನ ಮೊದಲ ತಂದಿದ್ರ ಅತ್ತಿ ಕೇಳ್ತಿದ್ಳರಿ ಸರ.”

ಅಫ್ಶೀನ್ ಆ ಅಧ್ಯಾಯ ತಂದದ್ದು ಎರಡು ವರ್ಷದ ಹಿಂದೆ. ಆಗ ಆ ಮುದುಕಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ನಡೆದದ್ದನ್ನು ಬರೆದು, ಸಹಿ ಮಾಡಿ, ವಿಚಾರಣೆ ನಡೆಸಿದವರಿಗೆ ಕಳುಹಿಸಿದ್ದೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಅತ್ತೆ ಸೊಸೆಯ ಮಧ್ಯೆ ನಾನು ಇಟ್ಟ ಆ ಒಂದು ವಾಕ್ಯವನ್ನು ತೆಗೆಯಲು ಈಗ ಅವರಿಂದಲೂ ಆಗದು.

ಅಫ್ಶೀನ್, ನೀವು ತಲೆ ತಗ್ಗಿಸಬೇಡಿ. ನಿಮ್ಮ ಅಧ್ಯಾಯ ದುರ್ಬಲವಾಗಿರಲಿಲ್ಲ. ಪ್ರಬಂಧ ಪುಸ್ತಕವಾಗುವಾಗ ಅದನ್ನು ಸೇರಿಸಿ. ‘ಹೇಳಿಕೆ ಬರೆದವರು ಯಾರೆಂದು ತಿಳಿದಿಲ್ಲ’ ಎಂದು ಅದರ ಅಡಿಟಿಪ್ಪಣಿಯಲ್ಲಿತ್ತು. ಅಲ್ಲಿ ನನ್ನ ಹೆಸರು ಬರೆಯಿರಿ. ಯಶವಂತ, ಕನ್ನಡ ಅಧ್ಯಾಪಕ, ಕಲಬುರಗಿ.

ನಡುವೆ ಎದ್ದು ಹೋಗದೆ ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.