ಸಾರ್ಜೆಂಟ್ ಮಲ್ಕಾಹಿ ನಿಲ್ಲಿಸಿದ ಭಾಷಣ

ಸಭೆಯ ಅಧ್ಯಕ್ಷರೂ ಊರಿನ ಸಾಮಿಲ್ಲಿನ ಮಾಲೀಕರೂ ಆದ ಶ್ರೀ ಪ್ರೆಸ್ಕಾಟ್ ಅವರೇ, ಪೂಜ್ಯ ಫಾದರ್ ಕೀಗನ್ ಅವರೇ, ಇಂದಿನ ಸನ್ಮಾನಿತರೂ ನನ್ನ ಕುತ್ತಿಗೆಪಟ್ಟಿಗೆ ಬಹುಕಾಲದ ಪರಿಚಿತರೂ ಆದ ಸಾರ್ಜೆಂಟ್ ಡೆನಿಸ್ ಮಲ್ಕಾಹಿಯವರೇ, ಪೋರ್ಟ್ ಹಾರ್ಲನ್ನಿನ ಸಭಿಕರೇ,

ಕ್ಷಮಿಸಿ, ಒಂದು ಕ್ಷಣ. ಅಭ್ಯಾಸಬಲ. ಇಷ್ಟು ಹೇಳಿದ ಕೂಡಲೇ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಕತ್ತು ಹಿಂದಕ್ಕೆ ತಿರುಗುತ್ತದೆ. ಈ ಊರಿನಲ್ಲಿ ನಾನು ಶುರು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಸಂಬೋಧನೆ ದಾಟಿ ಮುಂದೆ ಹೋದದ್ದು ಮಾತ್ರ ಒಂದೂ ಇಲ್ಲ. ಪ್ರತಿ ಸಲವೂ ಹಿಂದಿನಿಂದ ಒಂದು ದಪ್ಪ ಕೈ ಬಂದು ನನ್ನನ್ನು ನಾನು ಹತ್ತಿ ನಿಂತ ಪೆಟ್ಟಿಗೆಯಿಂದ ಇಳಿಸುತ್ತಿತ್ತು. ಆ ಕೈಯ ಧಣಿ ಇವತ್ತು ಹೂವಿನ ಹಾರ ಹಾಕಿಕೊಂಡು ಕುರ್ಚಿಯ ಮೇಲೆ ಕುಳಿತಿದ್ದಾರೆ, ನಾನು ನಿಂತು ಮಾತಾಡುತ್ತಿದ್ದೇನೆ. ಕ್ರಾಂತಿ ಬಂತೇ ಎಂದು ಅಧ್ಯಕ್ಷರು ಗಾಬರಿಯಾಗಬಾರದು. ನಿವೃತ್ತಿ ಬಂದಿದೆ, ಅಷ್ಟೇ.

ಪೊಲೀಸರ ಬೀಳ್ಕೊಡುಗೆಯಲ್ಲಿ ಈ ಕೆಂಪು ಬಾವುಟದ ಫಿನ್‌ಲ್ಯಾಂಡಿನ ಆಸಾಮಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರು ಪಿಸುಗುಟ್ಟುತ್ತಿರುವುದು ನನಗೆ ಕೇಳಿಸುತ್ತಿದೆ. ನನ್ನನ್ನು ಕರೆಸಿದವರು ಸಾರ್ಜೆಂಟರೇ. "ಬೇರೆ ಯಾರು ಮಾತಾಡಿದ್ರೂ ಸುಳ್ಳು ಹೊಗಳ್ತಾರೆ. ಆರ್ವೊ ಸಲ್ಮೆಲನ್ನ ಕರೀರಿ. ನನ್ನ ಕೈ ಭಾರ ಎಷ್ಟು ಅಂತ ಅವನಿಗೆ ಗೊತ್ತು," ಎಂದರಂತೆ.

ಚಿಕ್ಕವರಿಗೆ ಆ ಕಾಲ ಗೊತ್ತಿರಲಿಕ್ಕಿಲ್ಲ. ರಸ್ತೆಯಲ್ಲಿ ನಿಂತು ಕಾರ್ಮಿಕ ಸಂಘದ ಮಾತಾಡಬಾರದು ಎಂದು ನಗರಸಭೆ ಕಾನೂನು ಮಾಡಿತ್ತು. ಒಬ್ಬ ಸೋಪಿನ ಪೆಟ್ಟಿಗೆ ಹತ್ತಿ "ಕಾರ್ಮಿಕ ಬಂಧುಗಳೇ" ಎನ್ನಬೇಕು, ಅವನನ್ನು ಹಿಡಿಯುತ್ತಾರೆ. ಕೂಡಲೇ ಇನ್ನೊಬ್ಬ ಹತ್ತಬೇಕು. ಕೂಪಿನಿಂದ ಕೂಪಿಗೆ ಸುದ್ದಿ ಹೋಗಿ, ಮರ ಕಡಿಯುವವರೆಲ್ಲ ಟಿಕೀಟಿಲ್ಲದೆ ಗೂಡ್ಸ್ ರೈಲು ಹತ್ತಿ ಬಂದರು, ಜೈಲಿಗೆ ಹೋಗಲೆಂದೇ ಬಂದರು. ಜೈಲು ತುಂಬಿ, ಶಾಲೆಯ ಕಟ್ಟಡ ತುಂಬಿ, ನಮಗೆ ಬ್ರೆಡ್ಡು ಹಾಕಿ ಹಾಕಿ ನಗರಸಭೆ ಸುಸ್ತಾಯಿತು. ನಮ್ಮ ಹಾಡು ಕೇಳಿ ಕೇಳಿ ಜೈಲರು ಕಿವಿಗೆ ಹತ್ತಿ ಇಟ್ಟುಕೊಂಡ. ಇಂಥ ಹೋರಾಟದಲ್ಲಿ ಭಾಷಣ ಯಾರಿಗೆ ಬೇಕು? ಮೊದಲ ಎರಡು ಪದ ಸಾಕಿತ್ತು. ಎರಡನೇ ವಾಕ್ಯವನ್ನು ನಾನು ಯೋಚಿಸಿದವನೇ ಅಲ್ಲ.

ಮಲ್ಕಾಹಿಯವರಿಗೂ ನನಗೂ ಒಂದು ಹೊಂದಾಣಿಕೆ ಬೆಳೆದುಬಿಟ್ಟಿತ್ತು. ಒಂದು ದಿನ ಕೊರಳಪಟ್ಟಿ ಹಿಡಿದುಕೊಂಡು ಹೋಗುತ್ತಾ, "ಏನಯ್ಯಾ, ನಾಳೆ ಒಂಚೂರು ಬೇಗ ಶುರು ಮಾಡು. ದಿನಾ ನಿನ್ನಿಂದ ನನ್ನ ಊಟ ಆರಿಹೋಗ್ತದೆ," ಎಂದರು. ನಾನು ಬೇಗ ಶುರು ಮಾಡಿದೆ. ವರ್ಗಸಂಘರ್ಷ ಎಂದರೆ ಮನುಷ್ಯ ಆರಿದ ಊಟ ಮಾಡಬೇಕೆಂದಲ್ಲವಲ್ಲ! ಕೆಲಸವನ್ನು ದಿನಕ್ಕೆ ಎಂಟು ಗಂಟೆಗೆ ಇಳಿಸಿದರೆ ಮಿಲ್ಲು ಮುಳುಗುತ್ತದೆ ಎಂದು ಆಗ ಅಧ್ಯಕ್ಷರು ಕಣ್ಣೀರು ಹಾಕಿದ್ದರು. ಮಿಲ್ಲು ಇನ್ನೂ ತೇಲುತ್ತಿದೆ. ಅಧ್ಯಕ್ಷರೂ ತೂಕದಲ್ಲಿ ಏನೂ ಕಳೆದುಕೊಂಡಂತೆ ಕಾಣುವುದಿಲ್ಲ.

ನನ್ನ ಹೆಂಡತಿ ಸೈಮಾ ಮೂರನೇ ಸಾಲಿನಲ್ಲಿದ್ದಾಳೆ. ಆಗ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಫಿನ್ನರ ಸಭಾಭವನದಲ್ಲಿ ಅವಳ ಭಾಷಣ ಮೊದಲ ಸಲ ಕೇಳಿ ನಾನು ಬೆರಗಾದೆ. ನನಗೆ ಆರಂಭ ಮಾತ್ರ ಬರುತ್ತಿತ್ತು. ಅವಳಿಗೆ ನಡುವೂ ಬರುತ್ತಿತ್ತು, ಕೊನೆಯೂ ಬರುತ್ತಿತ್ತು. ಇಂಥವಳು ಮನೆಯಲ್ಲಿದ್ದರೆ ನಾನು ಮಾತಾಡುವ ಕಷ್ಟವೇ ಇಲ್ಲ ಎಂದು ಮದುವೆಯಾದೆ. ಆ ಎಣಿಕೆ ತಪ್ಪಲಿಲ್ಲ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? ಸನ್ಮಾನಿತರ ಗುಣಗಾನ ಮಾಡು ಎಂದರೆ ನನ್ನ ಮನೆಯ ಕಥೆ ಶುರುವಾಯಿತು. ಆದರೆ ಸಭಿಕರೇ, ಇವರ ಗುಣ ನಮ್ಮ ಮನೆಯೊಳಗೇ ಇದೆ. ನಾನೇನು ಮಾಡಲಿ?

ಮಹಾಯುದ್ಧ ಬಂತು. ಕಾನೂನಿನ ಮುಖವೇ ಬದಲಾಯಿತು. ಮೊದಲು ರಸ್ತೆಗೆ ಅಡ್ಡ ನಿಂತದ್ದು ತಪ್ಪಾಗಿತ್ತು, ಈಗ ಬಾಯಿಂದ ಬಂದದ್ದೇ ತಪ್ಪಾಯಿತು. ಯುದ್ಧಕ್ಕೆ ಹೋಗಬೇಡಿ ಎಂದರೆ ಇಪ್ಪತ್ತು ವರ್ಷ ಜೈಲು. ಪಕ್ಕದ ಊರಿನಲ್ಲಿ ನಮ್ಮ ಗೆಳೆಯ ಲಿಂಡ್‌ಕ್ವಿಸ್ಟ್ ಪೆಟ್ಟಿಗೆ ಹತ್ತಿದ. ಪೊಲೀಸರು ಅವನನ್ನು ಇಳಿಸಲಿಲ್ಲ, ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದರು. ಪರವಾಗಿಲ್ಲವಲ್ಲ ಎಂದುಕೊಂಡೆವು. ಗುಂಪಿನಲ್ಲಿದ್ದ ಸರ್ಕಾರದ ಶೀಘ್ರಲಿಪಿಕಾರ ಒಂದೊಂದು ಅಕ್ಷರವನ್ನೂ ಬರೆದುಕೊಂಡಿದ್ದ. ಯುದ್ಧ ಮುಗಿದು ಐದು ವರ್ಷವಾದರೂ ಲಿಂಡ್‌ಕ್ವಿಸ್ಟ್ ಇನ್ನೂ ಕಾನ್ಸಾಸಿನ ಜೈಲಿನಲ್ಲಿದ್ದಾನೆ.

ಸೈಮಾಳಿಗೆ ವೈನೊ ಎಂಬ ತಮ್ಮನಿದ್ದ. ತಾಯಿ ಸತ್ತಮೇಲೆ ಅವಳೇ ಎತ್ತಿ ಬೆಳೆಸಿದವನು. ಕಡ್ಡಾಯ ಸೈನ್ಯಸೇವೆಗೆ ಅವನ ಹೆಸರೂ ಬಂತು. ಸೈಮಾ ಅಡುಗೆಮನೆಯಲ್ಲಿ ಭಾಷಣ ಕಟ್ಟತೊಡಗಿದಳು. ಹಿಟ್ಟು ನಾದುತ್ತಾ ಭಾಷಣ, ಪಾತ್ರೆ ತೊಳೆಯುತ್ತಾ ಭಾಷಣ. "ಸೈಮಾ, ಇಪ್ಪತ್ತು ವರ್ಷ ಕಣೇ," ಎಂದೆ. "ಅವನು ಹೋದ್ರೆ ನಂಗೆ ಇಪ್ಪತ್ತು ವರ್ಷ ತಗೊಂಡು ಏನಾಗ್ಬೇಕು?" ಎಂದಳು. ವೈನೊ ಒಲೆಯ ಆ ಕಡೆ ಕುಳಿತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ನಮ್ಮ ಮಾತು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಅವನ ರೈಲಿನ ಹಿಂದಿನ ದಿನ ಅವಳು ಪೆಟ್ಟಿಗೆ ಹತ್ತಿದಳು. ಕ್ಷೌರದಂಗಡಿಯ ಬಾಗಿಲಲ್ಲಿ ಅದೇ ಶೀಘ್ರಲಿಪಿಕಾರ ಪೆನ್ಸಿಲು ಚೂಪು ಮಾಡಿಕೊಂಡು ನಿಂತಿದ್ದ. ಸೈಮಾ "ಕಾರ್ಮಿಕ ಬಂಧುಗಳೇ" ಎಂದಳು. ಅಷ್ಟೇ. ಮಲ್ಕಾಹಿಯವರ ಕೈ ಬಂತು. ರಸ್ತೆಗೆ ಅಡ್ಡ ನಿಂತ ಹಳೆಯ ಅಪರಾಧ, ಮಾರನೆಯ ಮಧ್ಯಾಹ್ನದವರೆಗೆ ಠಾಣೆ. ಬರೆದುಕೊಳ್ಳಲು ಏನೂ ಸಿಗದೆ ಆ ಮನುಷ್ಯ ಪೆನ್ಸಿಲು ಜೇಬಿಗೆ ಹಾಕಿಕೊಂಡು ಹೋದ.

ಅವಳು ಹೊರಗೆ ಬರುವಷ್ಟರಲ್ಲಿ ರೈಲು ಹೋಗಿತ್ತು. ವೈನೊ ಫ್ರಾನ್ಸನ್ನು ನೋಡಲೇ ಇಲ್ಲ. ಆ ವರ್ಷ ಲೋಕವೆಲ್ಲ ಹಬ್ಬಿದ್ದ ಇನ್‌ಫ್ಲುಯೆಂಜಾ ಜ್ವರ ಹಡಗಿನಲ್ಲೇ ಅವನನ್ನು ಬಲಿ ತೆಗೆದುಕೊಂಡಿತು. ಅಂದಿನಿಂದ ಸೈಮಾ ಸಾರ್ಜೆಂಟರ ಮುಖ ನೋಡಿಲ್ಲ. ಅವರು ಎದುರು ಬಂದರೆ ರಸ್ತೆ ದಾಟುತ್ತಾಳೆ. ಅವರು ಟೋಪಿ ತೆಗೆಯುವುದನ್ನು ಬಿಟ್ಟಿಲ್ಲ. "ಆ ಮಾತು ಒಬ್ಬನಿಗೋಸ್ಕರ ಕಟ್ಟಿದ್ದು. ಆ ಒಬ್ಬನ ಕಿವಿಗೇ ಬೀಳದ ಹಾಗೆ ಮಾಡಿದ," ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ. ಇವತ್ತು ಸಹ ನನ್ನ ಕಾಟಕ್ಕೆ ಬಂದು ಕುಳಿತಿದ್ದಾಳೆ. ನಿಮಗೆಲ್ಲ ಕಾಫಿಯ ಜೊತೆ ಕೊಟ್ಟ ಏಲಕ್ಕಿ ಬ್ರೆಡ್ಡು ಅವಳು ಮಾಡಿದ್ದು. ಸನ್ಮಾನಿತರ ತಟ್ಟೆಗೆ ಮಾತ್ರ ಒಂದು ತುಂಡೂ ಹಾಕಲಿಲ್ಲ, ನಾನು ಗಮನಿಸಿದೆ.

ಕಳೆದ ವಾರ ಸಾರ್ಜೆಂಟರು ಮಿಲ್ಲಿನ ಬಾಗಿಲಲ್ಲಿ ನನಗಾಗಿ ಕಾದಿದ್ದರು. "ಆರ್ವೊ, ಶನಿವಾರ ಬಾಸ್ಟನ್ನಿಗೆ ತಂಗಿ ಮನೆಗೆ ಹೋಗ್ತೀನಿ. ಒಂದು ಮಾತು ಹೊಟ್ಟೇಲಿ ಇಟ್ಕೊಂಡಿದ್ದೀನಿ. ನನ್ನ ರೈಲು ಹೋದ್ಮೇಲೆ ನಿನ್ನ ಹೆಂಡ್ತಿಗೆ ಹೇಳು," ಎಂದರು. ಇವತ್ತು ಶುಕ್ರವಾರ. ಸಾರ್ಜೆಂಟ್, ನನ್ನನ್ನು ಸುಮ್ಮನಾಗಿಸುವ ಅಧಿಕಾರ ನಿಮಗೆ ಈಗಿಲ್ಲ. ಕೂತಿರಿ.

ಸೈಮಾ, ನೀನು ಪೆಟ್ಟಿಗೆ ಹತ್ತುವ ಹಿಂದಿನ ಸಂಜೆ ವೈನೊ ಠಾಣೆಗೆ ಹೋಗಿದ್ದ. "ಸಾಹೇಬ್ರೇ, ನಾಳೆ ನಮ್ಮಕ್ಕ ಮಾತಾಡೋಕೆ ನಿಲ್ತಾಳೆ. ಭಾವನ್ನ ಇಳಿಸ್ತಿದ್ರಲ್ಲ, ಹಾಗೇ ಬಾಯಿ ತೆಗೆದ ಕೂಡ್ಲೇ ಇಳಿಸಿಬಿಡಿ," ಎಂದನಂತೆ. "ಅವಳೇನು ಹೇಳ್ತಾಳೆ ಅಂತ ನಿಂಗೇನೋ ಗೊತ್ತು?" ಎಂದು ಇವರು ಕೇಳಿದರು. ಆಗ ಅವನು ಮೇಜಿನ ಮುಂದೆ ನೆಟ್ಟಗೆ ನಿಂತು ನಿನ್ನ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಒಂದು ಮಾತೂ ಬಿಡಲಿಲ್ಲ. ನೀನು ಎಲ್ಲಿ ಉಸಿರು ಎಳೆದುಕೊಳ್ಳುತ್ತೀಯೋ ಅಲ್ಲೇ ಅವನೂ ಎಳೆದುಕೊಂಡನಂತೆ.

"ಈ ಊರಲ್ಲಿ ನಾನು ಪೂರ್ತಿ ಕೇಳಿದ ಭಾಷಣ ಅದೊಂದೇ ಕಣಯ್ಯಾ," ಎಂದರು ಸಾರ್ಜೆಂಟರು. "ಹಿಡೀಬೇಕು ಅನ್ನೋದೇ ನಂಗೆ ಮರೆತುಹೋಯ್ತು." ಆಮೇಲೆ ವೈನೊ ಇವರಿಂದ ಆಣೆ ಹಾಕಿಸಿಕೊಂಡ. "ಅಕ್ಕಂಗೆ ಹೇಳ್ಬೇಡಿ. ಅವಳು ನಿಮ್ಮ ಮೇಲೆ ಸಿಟ್ಟಾಗಿರ್ಲಿ. ನನ್ನ ಮೇಲೆ ಬೇಡ," ಎಂದ.

ಸಭಿಕರೇ, ಬೇರೆಯವನ ಪಾಲಿನ ಸಿಟ್ಟನ್ನು ಐದು ವರ್ಷ ಟೋಪಿ ತೆಗೆದು ಸ್ವೀಕರಿಸಿದ್ದಕ್ಕೆ ಪದಕ ಕೊಡುವ ಇಲಾಖೆ ಎಲ್ಲಾದರೂ ಇದೆಯೇ? ಪೊಲೀಸನನ್ನು ಹೊಗಳುವ ಸಮಾಜವಾದಿ ಎಂದು ನಾಳೆ ನಮ್ಮವರು ನನ್ನನ್ನು ಸಂಘದಿಂದ ಹೊರಗೆ ಹಾಕಲಿ. ನನಗೆ ಈ ಮನುಷ್ಯನ ಮೇಲೆ ಪ್ರೀತಿ ಇದೆ.

ಸೈಮಾ, ಕೇಳಬೇಕಾದವನು ಕೇಳಿದ್ದ. ಬಾಯಿಪಾಠ ಮಾಡಿಕೊಂಡು ಹಡಗು ಹತ್ತಿದ.

ಅವಳು ಎದ್ದಿದ್ದಾಳೆ. ಬಾಗಿಲ ಕಡೆ... ಇಲ್ಲ, ಈ ಕಡೆಗೇ ಬರುತ್ತಿದ್ದಾಳೆ. ಫಾದರ್, ದಯವಿಟ್ಟು ಕುರ್ಚಿ ಸ್ವಲ್ಪ ಸರಿಸಿಕೊಳ್ಳಿ. ಬರುತ್ತಿರುವುದು ನನ್ನ ಹತ್ತಿರವಲ್ಲ. ಸಾರ್ಜೆಂಟ್, ಅಳುವುದನ್ನು ಆಮೇಲೆ ಇಟ್ಟುಕೊಳ್ಳಿ, ಮೊದಲು ಅವಳನ್ನು ಕೂರಿಸಿ. ಅವನು ಹೇಗೆ ನಿಂತಿದ್ದ, ಹೇಗೆ ಹೇಳಿದ ಎಂದು ಕೇಳಲಿಕ್ಕೆ ಬರುತ್ತಿದ್ದಾಳೆ. ನಿಧಾನವಾಗಿ ಹೇಳಿ.

ಕಿವಿಗೊಟ್ಟ ನಿಮಗೆಲ್ಲ ವಂದನೆಗಳು. ನಮಸ್ಕಾರ.