ಪಕ್ಕಡಿಗೆ ಹಚ್ಚಿದ ಕುಂಕುಮ

ನಾನು ಮೊದಲ ಸಲ ಮನಿ ಬಿಟ್ಟು ಹೋದದ್ದು ಕಾರಹುಣ್ಣಿವಿ ದಿವಸ. ಲಕ್ಷ್ಮೇಶ್ವರದ ಅಗಸ್ಯಾಗ ಎತ್ತು ಓಡಸಾಕತ್ತಿದ್ರು. ಎಲ್ಲಾರ ಕಣ್ಣು ಎತ್ತಿನ ಮ್ಯಾಲ, ನನ್ನ ಕಣ್ಣು ಗದಗಿನ ಬಸ್ಸಿನ ಮ್ಯಾಲ. ಪಾಟಿಚೀಲ ಅಗಸಿಕಟ್ಟಿ ಮ್ಯಾಲ ಇಟ್ಟು ಹತ್ತಿಬಿಟ್ಟೆ. ಶಾಲಿ ಅಲ್ಲಿಗೇ ಮುಗೀತು. ಮಿರಜಿನಾಗ ಚಾದಂಗಡಿ, ಗೋವಾದಾಗ ಅದಿರಿನ ಲಾರಿ, ಹೊಸಪೇಟಿ ಕಡೆ ಗಾಣ... ಈ ಕಾಲು ಒಂದು ಊರಾಗ ನಿಂತದ್ದಿಲ್ಲ. ತಿರುಗಿ ತಿರುಗಿ ಬ್ಯಾಸರಾದಾಗ ಬರೋದು ಬೆಟಗೇರಿಗೆ, ನಮ್ಮ ದೊಡ್ಡವ್ವನ ಮಗ ಹುಚ್ಚೀರಪ್ಪನ ಮನಿಗೆ. ಅಂವ ಸೀರಿ ನೇಯಾಂವ. ಅವನ ಹೆಂಡ್ತಿ ಕಸ್ತೂರೆವ್ವ, ನನಗ ವೈನಿ. ಬಾಗಿಲದಾಗ ನನ್ನ ನೋಡಿದ ಕೂಡ್ಲೇ ಅಂತಿದ್ಲು, "ಬಂತ ನೋಡ್ರಿ, ರೆಕ್ಕಿ ಇಲ್ಲದ ವಿಮಾನ!"

ಎಪ್ಪತ್ತೆಂಟರ ಭಾದ್ರಪದದಾಗ ಹೋದಾಗ ವೈನಿ ಚಾಷ್ಟಿ ಮಾಡ್ಲಿಲ್ಲ. ಒಳಗ ಕರದು ಕಿವ್ಯಾಗ ಅಂದ್ಲು, "ನಿಮ್ಮಣ್ಣ ನಿನ್ನೆ ರಾತ್ರಿಯಿಂದ ಮಾತಾಡವಲ್ಲ."

ಊಟ ಆದ ಮ್ಯಾಲ, ಮಗ್ಗದ ಕುಣಿ ದಂಡಿಗೆ ಕುಂತು, ಹುಚ್ಚೀರ ನನ್ನ ಮುಂದ ಬಾಯಿ ಬಿಟ್ಟ.

ಹಿಂದಿನ ರಾತ್ರಿ ಅಂವ ಲಕ್ಕುಂಡಿ ರಸ್ತಾದ ಹತ್ತಿ ಗೋದಾಮಿನಿಂದ ಒಬ್ಬನಽ ನಡಕೋಂತ ಬರಾಕತ್ತಿದ್ದ. ದಾರ್ಯಾಗ ಒಂದು ಆಲದ ಗಿಡ. ಅದರ ಬುಡಕ್ಕ ಮೆಟ್ಟಿಲ ಬಾವಿ. ಬಾವ್ಯಾಗ ಕಪ್ಪಿ ಒದರಾಕತ್ತಿದ್ದವು... ವಟರ್... ವಟರ್... ಇಂವ ಹತ್ರ ಬಂದಂಗ ಒಮ್ಮೆಲೇ ಸುಮ್ಮಾದವು. ಆಮ್ಯಾಲ ಒಳಗಿಂದ ಬ್ಯಾರೆ ಸಪ್ಪಳ. ಕಿರ್ರ್... ಟಕ್. ಕಿರ್ರ್... ಟಕ್. ಪಾನಾ ಹಾಕಿ ನಟ್ಟು ಬಿಗಿಯೋ ಸಪ್ಪಳ.

ಮೆಟ್ಟಿಲ ಮ್ಯಾಲ ಯಾರೋ ಕುಂತಂಗಿತ್ತು. ಬಗ್ಗಿದ ಬೆನ್ನು ಅಷ್ಟ ಕಾಣಾಕತ್ತಿತ್ತು.

"ಹುಚ್ಚೀರಾ... ರೆಕ್ಕಿ ಹೊಲಿಗಿ ಬಿಗಿ ಅದ ಏನು?"

ರೂಢಿ ಬಿದ್ದ ನಾಲಿಗಿ. "ಐತ್ರಿ ರಾಯರ" ಅಂದುಬಿಟ್ಟ.

"ಬಿಗಿ ಇರ್ಲಿ... ಈ ಸಲ ಅವ ಕೂಡ್ತಾನ."

ಮನಿ ಮುಟ್ಟೂತನಾ ಹುಚ್ಚೀರ ಹಿಂದ ತಿರುಗಿ ನೋಡ್ಲಿಲ್ಲ. ಆ ದನಿ ಮಾರ್ತಾಂಡರಾಯರದು. ರಾಯರು ಸತ್ತು ವರ್ಷಕ್ಕ ಬಂದಿತ್ತು.

ರಾಯರು ಗದಗಿನವರು, ಗುಡಿ ಪೂಜಿ ಮನಿತನ. ಗಂಟಿ ಬಾರಿಸೋದು ಬಿಟ್ಟು ವಿಮಾನದಳಕ್ಕ ಸೇರಿ, ಇಂಜಿನ್ನ ರಿಪೇರಿ ಮಾಡ್ಕೋಂತ ಹಾರಸಾಕನೂ ಕಲ್ತು, ನೌಕರಿ ಮುಗಿಸಿ ಊರಿಗೆ ಬಂದಿದ್ರು. ಬಂದವರು ಸುಮ್ಮನ ಕುಂಡ್ರಲಿಲ್ಲ. ಸ್ವಂತ ಒಂದು ವಿಮಾನ ಕಟ್ಟತೇನಿ ಅಂದ್ರು. ಊರು ನಕ್ಕಿತು. ಹತ್ತಿ ವ್ಯಾಪಾರದ ಕೊಟ್ರಪ್ಪ ನಗಲಿಲ್ಲ. ತನ್ನ ಖಾಲಿ ಗೋದಾಮು ಕೊಟ್ಟ. ಹತ್ತಿ ಹೊಲಕ್ಕ ಔಷಧ ಹೊಡಿಯೋ ವಿಮಾನ ಎಲ್ಲೋ ಬಿದ್ದು ಮುರದಿತ್ತು, ಅದರ ಇಂಜಿನ್ನ ಲಿಲಾವಿನ್ಯಾಗ ಹಿಡದು ತಂದ.

ಇಬ್ಬರು ಕುಂಡ್ರೋ ಸಣ್ಣ ವಿಮಾನ. ಎಲುವು ಕಟಗಿದು, ಕೊಳವಿದು. ಚರ್ಮ ಮಾತ್ರ ಅರಿವಿದು. ಆ ಅರಿವಿ ನಮ್ಮ ಹುಚ್ಚೀರನ ಮಗ್ಗದ್ದು. ಒತ್ತಾಗಿ ನೇದು, ರೆಕ್ಕಿಗೆ ತೊಡಿಸಿ, ಒಂದೊಂದು ಪಕ್ಕೆಲುವಿಗೂ ಮೇಣದ ದಾರ ಹಾಕಿ ಹೊಲದು, ಮ್ಯಾಲ ಘಾಟು ವಾಸನಿಯ ಅಂಟು ಬಳಿಯೋದು. ಅದು ಒಣಗಿದ ಮ್ಯಾಲ ಬೆರಳಲೆ ಬಡದ್ರ ಢಬ್... ಬಾರಸೋ ಹಲಗಿ ಇದ್ದಂಗ. ಹುಚ್ಚೀರ ಆ ಅಂಟಿಗೆ ವಿಮಾನದ ಗಂಜಿ ಅಂತಿದ್ದ. "ಮಗ್ಗದ ಗಂಜಿ ಹಾಕಿದ್ರ ಸೀರಿ ಉಟ್ಟಾಕಿ ಹಾರ್ಯಾಡತಾಳ್ರಿ ರಾಯರ, ಈ ಗಂಜಿ ಹಾಕಿದ್ರ ಸೀರೀನಽ ಹಾರತೈತಿ." ರಾಯರು ಪಾನಾ ಕೆಳಗಿಟ್ಟು ನಗತಿದ್ರು.

ರಾಯರದು ಒಂದ ಹಟ. ನಟ್ಟು ಬಿಗಿದ ಮ್ಯಾಲ ಅದರ ತೂತಿನ್ಯಾಗ ಎರಡು ಕಾಲಿನ ಪಿನ್ನು ತೂರಸಬೇಕು. ಒಂದು ಕಾಲು ಮ್ಯಾಲ ಮಡಚಬೇಕು, ಒಂದು ಕಾಲು ಕೆಳಗ. ಆಮ್ಯಾಲ ಎಷ್ಟ ನಡುಗಿದ್ರೂ ನಟ್ಟು ಬಿಚ್ಚಾಂಗಿಲ್ಲ. ಒಮ್ಮೆ ತೆಗದ ಪಿನ್ನು ಮತ್ತ ಹಾಕೂಹಂಗಿಲ್ಲ, ಹೊಸದಽ ಬೇಕು. "ಪಿನ್ನಿಲ್ಲದ ನಟ್ಟು ಅಂದ್ರ ತಾಳಿ ಇಲ್ಲದ ಲಗ್ನ" ಅಂತಿದ್ರು.

ಊರಾಗ ಎಲ್ಲಾರೂ "ರಾಯರ ವಿಮಾನ" ಅನ್ನಾಕ ಹತ್ತಿದ್ರು. ಕೊಟ್ರಪ್ಪಗ ಅದು ಚುಚ್ಚತಿತ್ತು. ಹುಚ್ಚೀರನ ಮುಂದ ಒಮ್ಮೆ ಕಾರಿಕೊಂಡಿದ್ದ, "ಗೋದಾಮು ನಂದು, ಇಂಜಿನ್ನ ನಂದು... ಹೆಸರು ಆ ಪಾನಾ ಹಿಡಿಯೋ ಭಟ್ಟಂದೇನಲೇ?"

ಮೊದಲ ಹಾರಾಟ ವಿಜಯದಶಮಿಗೆ ಅಂತ ಆತು. ಸೀಮಿ ದಾಟೋ ದಿನ. ಅದರ ಹಿಂದಿನ ದಿನ ಖಂಡೇನವಮಿ. ನಮ್ಮ ಕಡೆ ಆವತ್ತು ಮಗ್ಗದ ಲಾಳಿಯಿಂದ ಹಿಡದು ಕುಡಗೋಲಿನ ತನಕ ದುಡಿಯೋ ಸಾಮಾನೆಲ್ಲಾ ಪೂಜಿಗೆ ಕುಂಡ್ರತಾವು. ಮರುದಿನ ಸಂಜಿಗೆ ಬನ್ನಿ ಹಂಚೂತನಾ ಯಾರೂ ಮುಟ್ಟಾಂಗಿಲ್ಲ. ಗಾಡಿ-ಮೋಟಾರು ಓಡಸಾಕ ಅಡ್ಡಿ ಇಲ್ಲ, ಸಾಮಾನು ಎತ್ತಾಂಗಿಲ್ಲ. ರಾಯರು ಒಂದೊಂದು ನಟ್ಟು ನೋಡಿ, ಬಾಲದ ಮುಚ್ಚಳಕ್ಕ ಸ್ಕ್ರೂ ಹಾಕಿ, ಪಾನಾ, ಸ್ಕ್ರೂಡ್ರೈವರ್, ಪಿನ್ನು ಎಳಿಯೋ ಪಕ್ಕಡ್ ಎಲ್ಲಾ ತಾವಽ ತೊಳದು ಪೂಜಿಗೆ ಇಟ್ರು. ಹುಚ್ಚೀರ ಕುಂಕುಮ ಹಚ್ಚಿದ.

ಮರುದಿನ ಹಾರೂಕಿಂತ ಮೊದಲು ಬಾಲದ ಮುಚ್ಚಳ ಬಿಚ್ಚಿ ಇನ್ನೊಮ್ಮೆ ನೋಡಬೇಕಿತ್ತು. ಸ್ಕ್ರೂಡ್ರೈವರ್ ಪೂಜ್ಯಾಗ. ಪೂಜಾರಿ ಮನಿತನದ ಕೈ, ಪೂಜಿ ಎಬ್ಬಸಾಕ ಏಳಲಿಲ್ಲ. "ನಿನ್ನೆ ನಾನಽ ನೋಡೇನಲ್ಲ" ಅಂದ್ರು.

ಕೊಟ್ರಪ್ಪ ಬಂದು, ಸಂಜಿತನಕ ಕಾಯದ, ಅವರ ಕೈಯಾಗ ಬನ್ನಿ ಎಲಿ ಇಟ್ಟ. "ಬಂಗಾರ ತಗೋರಿ ರಾಯರ. ಬಂಗಾರದಂಗ ಇರೋಣು."

"ನೀವೂ ಹತ್ರಿ. ಬಾಜೂ ಸೀಟು ಖಾಲಿ ಅದ."

"ಇವತ್ತ ಬ್ಯಾಡ್ರಿ. ಸೊಂಟ ಹಿಡದೈತಿ."

ವಿಮಾನ ಎದ್ದಿತು. ಆಲದ ಗಿಡ ದಾಟಿತು. ಜನ ಕೇಕಿ ಹಾಕಿದ್ರು. ಆಮ್ಯಾಲ ಮೂತಿ ಕೆಳಗಾತು... ಜ್ವಾಳದ ಹೊಲದಾಗ ಎರಿಮಣ್ಣಿಗೆ ಹುಗದು ನಿಂತಿತು.

ನೋಡಾಕ ಬಂದ ಸಾಹೇಬರು ಅಂದ್ರು: ಬಾಲದ ನಟ್ಟು ಕಳಚೇತಿ, ಪಿನ್ನು ಹಾಕಾಕ ಮರತಾನ. ಊರೂ ಅದನ್ನಽ ಅಂತು. ಎಲ್ಲಾರಕಿಂತ ಜೋರು ಕೊಟ್ರಪ್ಪ. "ತನ್ನ ಕೈಲೆ ತಾನು ಸತ್ತ ನೋಡ್ರಿ!"

ರಾಯರ ಹೆಂಡತಿ ಸುಂದರಾಬಾಯಿ ಅಳಲಿಲ್ಲ. "ನಮ್ಮವರದು ಮರಿಯೋ ಕೈ ಅಲ್ಲ. ಯಾವ ಕೈ ಪಿನ್ನು ತೆಗದದೋ ಅದರ ಬಾಯೀಲೆ ಹೇಳಸ್ತಾರ ಅವರು." ಹತ್ತನೇ ದಿನ ಪಿಂಡ ಇಟ್ರು. ಕಾಗಿ ಬಂತು. ಗೋದಾಮಿನ ಕಡೆ ಮಾರಿ ಮಾಡಿ ಕುಂತಿತು. ಮುಟ್ಟಲಿಲ್ಲ.

ಹುಚ್ಚೀರನ ಹೊಟ್ಟ್ಯಾಗ ಒಂದು ಮಾತು ಕುಂತಿತ್ತು. ಮುರದ ಬಾಲದ ಅರಿವಿ ಬಿಚ್ಚುವಾಗ, ಒಳಗ ಬಿದ್ದಿದ್ದ ಆ ನಟ್ಟು ಅವನ ಕೈಗೆ ಸಿಕ್ಕಿತ್ತು. ಅದರ ಮೂಲ್ಯಾಗ ಕೆಂಪು. ರಕ್ತ ಅಂತ ಒರಸಿದ. ಬೆರಳಿಗೆ ಪುಡಿ ಹತ್ತಿತು... ಕುಂಕುಮ. ರಾಯರು ಮುಚ್ಚಳ ಹಾಕಿದ ಮ್ಯಾಲ ತಾನಽ ಸಾಮಾನಿಗೆ ಹಚ್ಚಿದ್ದು. ಪೂಜಿಗೆ ಕುಂತ ಪಕ್ಕಡ್ ಎತ್ತಿ ಯಾರೋ ಆ ಪಿನ್ನು ಎಳದಾರ, ನಟ್ಟು ಸಡ್ಲ ಮಾಡ್ಯಾರ. ಗೋದಾಮಿನ ಕೀಲಿ ಇದ್ದದ್ದು ಕೊಟ್ರಪ್ಪನ ಹತ್ರ. ಹುಚ್ಚೀರ ಇದ್ದ ಮನೀನೂ ಕೊಟ್ರಪ್ಪಂದಽ. ನಟ್ಟು ವೈನಿಯ ಸಾಸಿವಿ ಡಬ್ಬ್ಯಾಗ ಹೋತು. ಬಾಯಿ ಮುಚ್ಚಿತು.

ಇದು ಹಿಂದಿನ ವರ್ಷದ್ದು. ಈಗ ಕೊಟ್ರಪ್ಪ ಮುರದ ಆ ವಿಮಾನಾನಽ ಮತ್ತ ಕಟ್ಟಸಾಕತ್ತಿದ್ದ. ಬಾಜೂಕ ತನ್ನ ಹೆಸರು ದಪ್ಪ ಅಕ್ಷರದಾಗ ಬರಸಿದ್ದ. ವಿಜಯದಶಮಿಗೆ ಹೊರಗಿನಿಂದ ಒಬ್ಬ ಪೈಲಟ್ ಬರಾಂವಿದ್ದ, ಬಾಜೂಕ ತಾನು ಕುಂಡ್ರಾಂವ. ಹುಬ್ಬಳ್ಳಿಯಿಂದ ಮಿಸ್ತ್ರಿನ್ನ ತಂದಿದ್ದ. ಹುಚ್ಚೀರ ರೆಕ್ಕಿ ಹೊಲಿತಿದ್ದ. ಕೆಲಸ ಇಲ್ಲದ ನಾನೂ ಹೋಗಿ ಅಂಟು ಬಳಿಯಾಕ ಕುಂತೆ.

ಹಂಗಾಗಿ ಮುಂದಿನದು ನಾನಽ ಕಂಡದ್ದು.

ಮಿಸ್ತ್ರಿ ಸಂಜಿಗೆ ಅರ್ಧಾ ಬಿಗಿದು ಬಿಟ್ಟ ನಟ್ಟು ಮುಂಜಾನೆ ಪೂರಾ ಬಿಗಿದಿರತಿತ್ತು. ಪಿನ್ನು ಹಾಕಿರತಿತ್ತು. ಒಂದು ಕಾಲು ಮ್ಯಾಲ, ಒಂದು ಕಾಲು ಕೆಳಗ. ನಾವು ಮಾಡಿದ್ದಕಿಂತ ರಾತ್ರಿ ಆದ ಕೆಲಸಽ ಹೆಚ್ಚು, ಅದಽ ಚೊಕ್ಕ. ಆದರ ಬಾಲದ ನಟ್ಟಿನದು ಉಲ್ಟಾ. ಮಿಸ್ತ್ರಿ ದಿನಾ ಸಂಜಿಗೆ ಅದಕ್ಕ ಹೊಸ ಪಿನ್ನು ಹಾಕಾಂವ. ಮುಂಜಾನೆ ಆ ಪಿನ್ನು ಬಾಜೂ ಸೀಟಿನ ಮ್ಯಾಲ ಬಿದ್ದಿರತಿತ್ತು. ಕೊಟ್ರಪ್ಪ ಕುಂಡ್ರೋ ಸೀಟು.

ಮಿಸ್ತ್ರಿ ಪೆಟಗಿ ಕಟ್ಟಿದ. "ದೆವ್ವದ ಕೂಡ ಪಾಳಿ ಹಚ್ಚಿ ದುಡಿಯಾಕ ನನ್ನ ಕೈಲೆ ಆಗೂದಿಲ್ರಿ ಧಣಿ. ಹಗಲಪಾಳಿ ನಂದು, ರಾತ್ರಿಪಾಳಿ ಅವರದು. ಅವರ ಕೆಲಸ ನೋಡಿ ನನಗ ನಾಚಿಕಿ ಬರತೈತಿ."

ಕೊಟ್ರಪ್ಪ ಹುಚ್ಚೀರನ ಕೊಳ್ಳಪಟ್ಟಿ ಹಿಡದ. "ಲೇ, ನಿಂದಽ ಈ ಆಟ. ಆ ಸುಂದರಾಬಾಯಿ ನಿನಗ ಹೇಳಿಕೊಟ್ಟಾಳೇನು?"

"ನನಗ್ಯಾಕ್ರಿ ಧಣಿ ವಿಮಾನದ ಆಟ? ನನ್ನ ಮಗ್ಗದ ಆಟಾನಽ ನನಗ ಸಾಕು."

"ಆತು. ಇವತ್ತ ರಾತ್ರಿ ನಾನಽ ಕಾಯ್ತೇನಿ. ಯಾವ ಮಗ ಬರ್ತಾನೋ ನೋಡ್ತೇನಿ."

ಆವತ್ತು ಖಂಡೇನವಮಿ. ಪಾನಾ, ಪಕ್ಕಡ್ ಎಲ್ಲಾ ರಾಯರವಽ. ವಿಮಾನದ ಮುಂದ ಸಾಲಾಗಿ ಇಟ್ಟು, ಹುಚ್ಚೀರ ಕುಂಕುಮ ಹಚ್ಚಿ ಕೈ ಮುಗದ. ನಾವು ಹೊರಗ ಬಂದಿವಿ. ಕೊಟ್ರಪ್ಪ ಒಳಗಿನಿಂದ ಅಗಳಿ ಹಾಕಿಕೊಂಡ. ಅಗಳಿ ಬಿದ್ದ ಸಪ್ಪಳ ನಾನು ಕೇಳೇನಿ... ಧಡ್.

ಮಳಿ ಬಂದು ನಿಂತಿತ್ತು. ಬಾವಿ ಹತ್ರ ಬಂದಿವಿ. ಕಪ್ಪಿ ಸುಮ್ಮನಿದ್ದವು. ಮೆಟ್ಟಿಲ ಮ್ಯಾಲ ಯಾರೂ ಇದ್ದಿಲ್ಲ.

ಹುಚ್ಚೀರ ನನ್ನ ಮುಂಗೈ ಹಿಡದ. "ತಮ್ಮಾ... ಇವತ್ತ ಇಲ್ಲಿಲ್ಲ."

"ಮತ್ತ ಎಲ್ಲಿ?"

ಹಿಂದ ಗೋದಾಮಿನ್ಯಾಗ ಸಪ್ಪಳ ಆತು. ಕಟ್. ತಂತಿ ಕಡದಂಥಾ ಸಣ್ಣ ಸಪ್ಪಳ. ಅಷ್ಟ ದೂರದಿಂದ ಕೇಳಬಾರದಿತ್ತು, ಕೇಳಿತು. ಆಮ್ಯಾಲ ಢುರ್... ಢುರ್... ಢುರ್ರ್ರ್... ಇಂಜಿನ್ನ ಹತ್ತಿತು.

ಓಡಿದಿವಿ. ಬಾಗಿಲು ಬಡದಿವಿ. ಒಳಗ ಗಾಳಿ ಸುಳಿಸುಳಿ ತಿರುಗಿ ತಗಡು ನಡುಗಾಕತ್ತಿತ್ತು. ಬಾಗಿಲದ ಸಂದಿಯಾಗ ನಾನು ಕಣ್ಣಿಟ್ಟೆ.

ಕೊಟ್ರಪ್ಪ ಬಾಜೂ ಸೀಟಿನ್ಯಾಗ ಕುಂತಿದ್ದ. ಪಟ್ಟಾ ಬಿಗಿದಿತ್ತು. ಎರಡೂ ಕೈಲೆ ಅದನ್ನ ಹರಿಯಾಕ ಹತ್ತಿದ್ದ. ಈ ಕಡೆ ಸೀಟಿನ್ಯಾಗ ಯಾರೂ ಇಲ್ಲ. ಆದರ ಆ ಸೀಟಿನ ಪಟ್ಟಾನೂ ಹಾಕಿತ್ತು. ಖಾಲಿ ಪಟ್ಟಾ ಜೋತು ಬೀಳಬೇಕಲ್ಲ? ಬಿದ್ದಿದ್ದಿಲ್ಲ. ಮನಿಶಾನ ಎದಿ ಮ್ಯಾಲ ಕುಂತಂಗ ಉಬ್ಬಿ ಬಿಗಿದಿತ್ತು.

"ನಾನಽ ತೆಗದೆ!" ಕೊಟ್ರಪ್ಪ ಒದರಾಕತ್ತಿದ್ದ. "ಪಿನ್ನು ನಾನಽ ತೆಗದೆ ಮಾರ್ತಾಂಡಾ! ಹೇಳಿದ್ನಲ್ಲೋ... ಬಿಡೋ... ಹೇಳಿದ್ನಲ್ಲೋ!"

ಇಂಜಿನ್ನಿನ ಸಪ್ಪಳದ ನಡಕ, ಮೆಲ್ಲಕ, ಕಿವಿ ಹತ್ರ ಅಂದಂಗ ಒಂದು ದನಿ.

"ಬಂಗಾರದಂಗ ಇರೋಣು... ಬರ್ರಿ."

ದೀಪ ಹೋತು. ನಾವು ಬಿದ್ದು ಎದ್ದು ಓಡಿದಿವಿ.

ಬೆಳಕು ಹರಿದ ಮ್ಯಾಲ ಊರ ಮಂದಿನ್ನ ಕರಕೊಂಡು ಬಂದು ಬಾಗಿಲು ಒಡಸಿದಿವಿ. ಅಗಳಿ ಒಳಗಿನಿಂದ ಹಾಕಿದ್ದು ಹಾಕಿದಂಗಽ ಇತ್ತು. ವಿಮಾನ ತನ್ನ ಜಾಗಾದಾಗ ನಿಂತಿತ್ತು. ಕೊಟ್ರಪ್ಪ ಇದ್ದಿಲ್ಲ. ಅಂವ ಸಿಕ್ಕದ್ದು ಜ್ವಾಳದ ಹೊಲದಾಗ, ರಾಯರು ಬಿದ್ದ ಜಾಗಾದಾಗ. ಎತ್ತರದಿಂದ ಒಗದಂಗ ಎರಿಮಣ್ಣಿನ್ಯಾಗ ಅರ್ಧಾ ಹುಗದಿದ್ದ. ಮಳಿ ಬಿದ್ದ ಹಸಿ ಹೊಲ. ಸುತ್ತ ಒಂದು ಹೆಜ್ಜಿ ಗುರುತು ಇಲ್ಲ, ಗಾಲಿ ಗುರುತು ಇಲ್ಲ, ಒಂದು ಜ್ವಾಳದ ದಂಟೂ ಮುರದಿದ್ದಿಲ್ಲ.

ಆವತ್ತು ಸಂಜಿಗೆ ಬನ್ನಿ ಗಿಡದ ಕಟ್ಟಿ ಮ್ಯಾಲ ಊರೆಲ್ಲಾ ಕೂಡಿದಾಗ ಹುಚ್ಚೀರ ಎದ್ದು ನಿಂತ. ಸಾಸಿವಿ ಡಬ್ಬ್ಯಾಗಿನ ನಟ್ಟು ಅಂಗೈಯಾಗ ಇಟ್ಟುಕೊಂಡು ಎಲ್ಲಾ ಹೇಳಿದ. ಕೊಟ್ರಪ್ಪ ಒದರಿದ್ದನ್ನ ಕೇಳಿದಾಂವ ನಾನೂ ಬಾಜೂಕ ನಿಂತಿದ್ದೆ. ವಾರ ಒಪ್ಪತ್ತಿನ್ಯಾಗ ಕೊಟ್ರಪ್ಪನ ಮಂದಿ ಹುಚ್ಚೀರನ ಮಗ್ಗ ಬೀದಿಗೆ ಇಟ್ರು. ಹೋಗ್ಲಿ. ರಾಯರು ಪಿನ್ನು ಮರತಿದ್ರು ಅಂತ ಅನ್ನೋ ಬಾಯಿ ಆವತ್ತಿನಿಂದ ಗದಗಿನಾಗ ಇಲ್ಲ, ಬೆಟಗೇರ್ಯಾಗೂ ಇಲ್ಲ.

ಸುಂದರಾಬಾಯಿ ರಾಯರ ಪಾನಾ, ಪಕ್ಕಡ್ ಎಲ್ಲಾ ಹುಚ್ಚೀರನ ಹೊಸ ಬಾಡಿಗಿ ಮನಿಗೆ ತಂದು ಇಟ್ರು. "ನಮ್ಮನ್ಯಾಗ ಹಿಡಿಯೋ ಕೈ ಇಲ್ಲ. ವರ್ಷಾ ಪೂಜಿ ಮಾಡು."

ವೈನಿ ಮೆಲ್ಲಕ ಕೇಳಿದ್ಲು, "ರಾಯರಿಗೆ ಸಮಾಧಾನ ಆತಲ್ರಿ ಅವ್ವಾರ?"

"ಅವರಿಗೆ ಆಗ್ಯದೋ ಇಲ್ಲೋ ನನಗ ಗೊತ್ತಿಲ್ಲ" ಅಂದ್ರು. "ನನಗಂತೂ ಆಗಿಲ್ಲ."

ಇದು ಖರೆ ಆದದ್ದು. ಸುಳ್ಳು ಅನ್ನೋರು ಆಲದ ಬಾವಿ ದಾರೀಲೆ ಒಬ್ಬರಽ ಹೋಗಿ ಬರ್ರಿ, ಆಮ್ಯಾಲ ಮಾತಾಡೋಣು.

ಈಗ ಎಂಬತ್ತಾರನೇ ಇಸವಿ. ನಾನು ಮತ್ತ ಬೆಟಗೇರ್ಯಾಗ ಅದೇನಿ. ಇವತ್ತ ಖಂಡೇನವಮಿ. ನಾಳೆ ಬನ್ನಿ ತಗೊಂಡು ಹೋಗು ಅಂತ ಹುಚ್ಚೀರ ಹಟ ಹಿಡದಿದ್ದ, ಹೂಂ ಅಂದಿದ್ದೆ. ಸಂಜಿಗೆ ವೈನಿ ಮಗ್ಗದ ಮುಂದ ಲಾಳಿ ಇಟ್ಟಳು, ಅದರ ಬಾಜೂಕ ರಾಯರ ಪಾನಾ, ಪಕ್ಕಡ್. ಎಲ್ಲಾದಕ್ಕೂ ಕುಂಕುಮ ಹಚ್ಚಿದ್ಲು, ಪಕ್ಕಡಿನ ಬಾಯಿಗೂ ಹಿಡಿಕಿಗೂ. ನಾನಽ ಆರತಿ ತಟ್ಟಿ ಹಿಡದಿದ್ದೆ. ಉಂಡು ಎಲ್ಲಾರೂ ಮಲಗ್ಯಾರ. ಈಗ ನೀರು ಕುಡಿಯಾಕ ಎದ್ದೆ. ಕಂದೀಲು ಆ ಕಡೆ ಹಿಡದೆ.

ಪಾನಾದ ಮ್ಯಾಲ ಕುಂಕುಮ ಐತಿ. ಲಾಳಿ ಮ್ಯಾಲ ಐತಿ. ಪಕ್ಕಡಿನ ಬಾಯಿ ಮ್ಯಾಲೂ ಐತಿ. ಹಿಡಿಕಿ ಮ್ಯಾಲ ಮಾತ್ರ ಇಲ್ಲ, ಯಾರೋ ಮುಷ್ಟ್ಯಾಗ ಹಿಡದಂಗ ಒರಸಿ ಹೋಗೇತಿ.

ಧೋತರ ಮಡಚಿ ಚೀಲದಾಗ ಹಾಕೇನಿ. ಹುಬ್ಬಳ್ಳಿ ಕಡೆ ಮೊದಲ ರೈಲಿಗೆ ಇನ್ನೂ ಹೊತ್ತೈತಿ... ಸ್ಟೇಶನ್ನಿನ್ಯಾಗಽ ಕುಂಡ್ರತೇನಿ.